ಕೆಮ್ಮಿನ ಔಷಧಿಯ ಬಾಟ್ಲಿ ಮತ್ತು ನಂಬಿಕೆಯ ಪ್ರಶ್ನೆ

ಜನಕ್ಕೆ ಅರಿವಿಲ್ಲ, ಅದಕ್ಕೇ ಅವರು ಆಸ್ಪತ್ರೆಯನ್ನು ನಂಬುವುದಿಲ್ಲ ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಈ ಮಾತನ್ನು ಸುಳ್ಳು ಮಾಡಿದ ಜಿಲ್ಲೆ ತುಮಕೂರು.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. 1960ರ ದಶಕದ ಆರಂಭದಲ್ಲಿ ಅದರ ತಂಡ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಎಕ್ಸ್‌ರೇ ತೆಗೆದು, ಕಫ ಪರೀಕ್ಷಿಸಿ ಕ್ಷಯದವರನ್ನು ಗುರುತಿಸಿತು. ಅವರನ್ನು ಮಾತಾಡಿಸಿ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಬರೆದ ಅಧ್ಯಯನ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂತು. ಕಫದಲ್ಲಿ ರೋಗಾಣು ಕಂಡವರ ಪೈಕಿ ಬಹುಪಾಲು ಜನಕ್ಕೆ ತಮ್ಮ ಕಾಯಿಲೆಯ ಲಕ್ಷಣ ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿ ಬಂದಿದ್ದರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟ್ಲಿ, ಅಷ್ಟೇ. ಜನ ನಂಬಿ ಬಂದಿದ್ದರು. ಅವರ ಕೆಮ್ಮನ್ನು ನಂಬುವವರು ಇರಲಿಲ್ಲ. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆ ಆಗಬೇಕೆಂದು ಹೇಳಿದ್ದರ ಹಿಂದೆ ಈ ಅರಿವು ಇತ್ತು.

ಆಮೇಲೆ ಲೋಕ ಈ ಪಾಠವನ್ನು ಮರೆಯಿತು. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 'ಡಾಟ್ಸ್' ಪದ್ಧತಿಯನ್ನು ಹರಡಿತು. 1997ರಲ್ಲಿ ಭಾರತ ಅದನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿಸಿತು. ರೋಗಿ ಮಾತ್ರೆ ನುಂಗುವುದನ್ನು ಇನ್ನೊಬ್ಬರು ಕಣ್ಣಾರೆ ನೋಡಬೇಕು. ಇದರಿಂದ ಎಷ್ಟೋ ಜೀವ ಉಳಿದಿದೆ, ನಿಜ. ಆದರೆ ಅನುಮಾನದ ಬೆರಳು ಮತ್ತೆ ರೋಗಿಯ ಕಡೆಗೇ ತಿರುಗಿತು.

ಚೀನಾ ಬೇರೆ ದಾರಿ ಹಿಡಿದಿತ್ತು. 1968ರಿಂದ ಅಲ್ಲಿ 'ಬರಿಗಾಲ ವೈದ್ಯರು' ಹೆಸರಾದರು: ಕೆಲವು ತಿಂಗಳ ತರಬೇತಿ ಪಡೆದು, ಹೊಲದಲ್ಲಿ ದುಡಿಯುತ್ತಲೇ ಮದ್ದು ಕೊಡುವ ಹಳ್ಳಿಯವರು. ನಮ್ಮ ಪ್ರಗತಿಪರರು ಇದನ್ನು ಕೊಂಡಾಡುವಾಗ ಒಂದು ಸಂಗತಿ ಬಿಟ್ಟುಬಿಡುತ್ತಾರೆ. 1950ರ ಭೂಸುಧಾರಣಾ ಕಾನೂನಿನ ನಂತರ ಜಮೀನ್ದಾರಿಕೆ ಮುರಿದುಬಿದ್ದ ಹಳ್ಳಿ ಅದು. 1980ರ ದಶಕದಲ್ಲಿ ಕಮ್ಯೂನುಗಳು ಕಳಚಿದಾಗ ಆ ವ್ಯವಸ್ಥೆಯೂ ಕುಸಿಯಿತು. 2003ರಲ್ಲಿ ಅದೇ ಪ್ರಭುತ್ವ ಸಾರ್ಸ್ ರೋಗವನ್ನು ಮೊದಲು ಮುಚ್ಚಿಟ್ಟಿತು. ಮೇಲಿನವರ ಆಜ್ಞೆ ನಂಬಿಕೆಯಾಗುವುದಿಲ್ಲ.

ನಮ್ಮಲ್ಲೂ 1977ರಲ್ಲಿ ಸಮುದಾಯ ಆರೋಗ್ಯ ಕಾರ್ಯಕರ್ತರ ಯೋಜನೆ ಬಂತು. 'ಸಮುದಾಯ' ಅಂದರೆ ಯಾರು? ಹಳ್ಳಿಯೆಂದರೆ ಊರು ಮತ್ತು ಕೇರಿ. 1948ರಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹೊಗಳುವವರನ್ನು ಬಾಬಾಸಾಹೇಬರು ತರಾಟೆಗೆ ತೆಗೆದುಕೊಂಡದ್ದು ಸುಮ್ಮನೆ ಅಲ್ಲ. ಕರ್ನಾಟಕದ 1974ರ ಭೂಸುಧಾರಣೆಯೂ ಗೇಣಿದಾರರ ಕೈಗೆ ಭೂಮಿ ಕೊಟ್ಟಷ್ಟು ಕೂಲಿಯವರ ಕೈಗೆ ಕೊಡಲಿಲ್ಲ. ಕುಣಿಗಲ್ ಕಡೆಯ ನಮ್ಮಜ್ಜಿ ಹೇಳುತ್ತಿದ್ದಳು: "ಊರೋರ ಜಗಲಿಗಿಂತ ಸರ್ಕಾರಿ ಆಸ್ಪತ್ರೆ ಸಾಲೇ ವಾಸಿ ಕಣಪ್ಪ. ಅಲ್ಲಿ ಚೀಟಿ ನಂಬರು ಕೂಗ್ತಾರೆ, ಕೇರಿ ಹೆಸರು ಕೂಗಲ್ಲ." ದಲಿತರು ಸರ್ಕಾರಿ ಆಸ್ಪತ್ರೆಯ ಮೇಲೆ ಇಟ್ಟ ನಂಬಿಕೆಯ ಮೂಲ ಇಲ್ಲಿದೆ. ಅದನ್ನು ಅರಿವುಗೇಡಿತನ ಅನ್ನುವವರು ಚರಿತ್ರೆ ಓದಿಲ್ಲ.

ತುಮಕೂರಿನ ತರಗತಿಯಲ್ಲಿ ಇದನ್ನೆಲ್ಲ ವಿವರಿಸಿ ನಾನು ಬೀಗುತ್ತಿದ್ದಾಗ ಗುಬ್ಬಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. "ಸಾರ್, ನಮ್ಮಮ್ಮ ಆಶಾ ಕಾರ್ಯಕರ್ತೆ. ಕೆಲವು ಮನೆಯೋರು ಮಾತ್ರೆನ ಜಗಲಿ ಮೇಲೆ ಮಡಗಿ ಹೋಗು ಅಂತಾರೆ. ಇದಕ್ಕೆ ಯಾವ ದೇಶದ ಪುಸ್ತಕದಾಗೆ ಉತ್ತರ ಐತೆ?"

ನನ್ನ ಬಳಿ ಉತ್ತರ ಇರಲಿಲ್ಲ. ಪಶ್ಚಿಮದ ಪದ್ಧತಿಯಲ್ಲಿ ಕಾರ್ಯಕರ್ತೆ ರೋಗಿಯ ಬಾಯಿ ನೋಡುತ್ತಾಳೆ. ಇಲ್ಲಿ ರೋಗಿಯ ಮನೆ ಅವಳ ಕೈ ನೋಡುತ್ತದೆ. ಚೀನಾದ ಪದ್ಧತಿ ನೆರೆಯವನನ್ನೇ ವೈದ್ಯನಾಗಿಸುತ್ತದೆ. ಇಲ್ಲಿ ನೆರೆಯವಳು ಹೊಸ್ತಿಲಾಚೆಯೇ ನಿಲ್ಲುತ್ತಾಳೆ. ಮುಟ್ಟುವ ಕೈಯನ್ನೇ ನಂಬದ ಸಮಾಜ ಆರೋಗ್ಯದ ಬಗ್ಗೆ ಮಾತಾಡುವ ಮೊದಲು ಆ ಹುಡುಗಿಗೆ ಉತ್ತರ ಕೊಡಬೇಕು.