ಒರೆಗಲ್ಲು, ತಕ್ಕಡಿ ಮತ್ತು ಅಚೌರ್ಯಾಣುವ್ರತ
ಹಳೆಯ ಚಿನ್ನದ ವಿಕ್ರಯವನ್ನು ಕುರಿತ ಒಂದು ಚಾರಿತ್ರಿಕ ಅವಲೋಕನ

ಗೃಹಸ್ಥನ ಮನೆಯಲ್ಲಿ ಚಿನ್ನವು ಸಂಪತ್ತಿನ ಕುರುಹು ಮಾತ್ರವಲ್ಲ, ಆಪತ್ಕಾಲದ ಆಸರೆಯೂ ಹೌದು. ತವರಿನಿಂದ ಬಂದ ಸರ, ತುಂಡಾದ ಬಳೆ, ಜೋಡಿ ಕಳೆದುಹೋದ ಓಲೆ, ಸವೆದ ಉಂಗುರ ಇವೆಲ್ಲ ಪೆಟ್ಟಿಗೆಯ ತಳದಲ್ಲಿ ವರ್ಷಗಟ್ಟಲೆ ಮಲಗಿದ್ದು, ಮನೆಗೆ ಕಾಯಿಲೆಯೋ ಮಗಳ ವಿವಾಹವೋ ವಿದ್ಯಾಭ್ಯಾಸದ ವೆಚ್ಚವೋ ಒದಗಿದಾಗ ಹೊರಬರುತ್ತವೆ. ಹಾಗೆ ಅಂಗಡಿಗೆ ಒಯ್ದು ಮಾರುವವರು ಬಹುಮಟ್ಟಿಗೆ ಕಷ್ಟದಲ್ಲಿರುವವರು. ಆಭರಣದ ತೂಕವನ್ನಾಗಲಿ, ಅದರಲ್ಲಿರುವ ಶುದ್ಧ ಚಿನ್ನದ ಪ್ರಮಾಣವನ್ನಾಗಲಿ ತಿಳಿಯದವರು. ಕೊಳ್ಳುವವನಾದರೋ ಎರಡನ್ನೂ ಬಲ್ಲವನು. ಒಬ್ಬನಿಗೆ ತಿಳಿದಿರುವುದು ಇನ್ನೊಬ್ಬನಿಗೆ ತಿಳಿಯದಿರುವ ಇಂತಹ ವ್ಯವಹಾರದಲ್ಲಿ ನ್ಯಾಯವಾದ ಬೆಲೆಯು ಹೇಗೆ ನಿರ್ಣಯವಾಗಬೇಕು ಎಂಬ ಪ್ರಶ್ನೆಯು ಹೊಸದಲ್ಲ. ಭಾರತದಲ್ಲಿ ಅದಕ್ಕೆ ಎರಡು ಸಾವಿರ ವರ್ಷಗಳಿಗೆ ಕಡಿಮೆಯಿಲ್ಲದ ಚರಿತ್ರೆಯುಂಟು. ಆ ಚರಿತ್ರೆಯಲ್ಲಿ ಜೈನ ಶ್ರಾವಕರ ಪಾತ್ರವೂ ಗಣನೀಯವಾದುದು.

ವ್ರತದ ದೃಷ್ಟಿ

ಶ್ರಾವಕನ ಪಂಚಾಣುವ್ರತಗಳಲ್ಲಿ ಮೂರನೆಯದು ಅಚೌರ್ಯ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿಯೂ ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರದಲ್ಲಿಯೂ ಈ ವ್ರತಕ್ಕೆ ಐದು ಅತಿಚಾರಗಳು ನಿರೂಪಿತವಾಗಿವೆ. ಅವುಗಳಲ್ಲಿ ಮೂರು ಚಿನಿವಾರ ಪೇಟೆಗೆ ನೇರವಾಗಿ ಅನ್ವಯಿಸುತ್ತವೆ. ಕದ್ದ ಮಾಲನ್ನು ಕೊಳ್ಳುವುದು ಒಂದು. ಅಳತೆ ತೂಕಗಳಲ್ಲಿ ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಮಾಡುವ ಹೀನಾಧಿಕ ವ್ಯವಹಾರ ಎರಡನೆಯದು. ಬೆಲೆಯುಳ್ಳ ವಸ್ತುವಿನಲ್ಲಿ ಅದನ್ನೇ ಹೋಲುವ ಕೀಳು ವಸ್ತುವನ್ನು ಬೆರೆಸುವುದು ಮೂರನೆಯದು. ಸಮಂತಭದ್ರರು ಇದನ್ನು ಸದೃಶಸನ್ಮಿಶ್ರವೆಂದು ಕರೆದಿದ್ದಾರೆ. ಚಿನ್ನದ ಬಣ್ಣವನ್ನು ಹೋಲುವ ತಾಮ್ರದ ಬೆರಕೆಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಈ ಅತಿಚಾರಗಳು ವರ್ತಕನಿಗಷ್ಟೇ ಸಂಬಂಧಿಸಿದವುಗಳೆಂದು ಭಾವಿಸುವುದು ತಪ್ಪು. ಒಳಗೆ ಅರಗು ತುಂಬಿದ ಆಭರಣವನ್ನು ಗಟ್ಟಿ ಚಿನ್ನವೆಂದು ಹೇಳಿ ಮಾರುವ ಗೃಹಸ್ಥನೂ, ಕಾಗದಪತ್ರವನ್ನು ವಿಚಾರಿಸದೆ ಅಗ್ಗಕ್ಕೆ ಸಿಕ್ಕಿತೆಂದು ಅಪರಿಚಿತನಿಂದ ಸರವನ್ನು ಕೊಳ್ಳುವವನೂ ಅದೇ ದೋಷಕ್ಕೆ ಗುರಿಯಾಗುತ್ತಾರೆ. ನ್ಯಾಯಬೆಲೆಯೆಂಬುದು ಮಾರುವವನ ಹಕ್ಕೂ ಹೌದು, ಅವನ ಹೊಣೆಯೂ ಹೌದು.

ಅರ್ಥಶಾಸ್ತ್ರದಲ್ಲಿ ಸುವರ್ಣಾಧ್ಯಕ್ಷ

ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಪ್ರಕಟಿಸಿದುದು ಕನ್ನಡ ನಾಡಿಗೆ ಹೆಮ್ಮೆ ತರುವ ಸಂಗತಿ. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಸುವರ್ಣಾಧ್ಯಕ್ಷನ ಕರ್ತವ್ಯಗಳು ಸವಿಸ್ತಾರವಾಗಿ ವರ್ಣಿತವಾಗಿವೆ. ಚಿನ್ನದ ಶುದ್ಧತೆಯನ್ನು ಅಲ್ಲಿ ಹದಿನಾರು ವರ್ಣಗಳ ಮಾನದಿಂದ ಅಳೆಯಲಾಗಿದೆ. ಒರೆಗಲ್ಲುಗಳಲ್ಲಿ ಕಳಿಂಗದ ಕಲ್ಲು ಅಥವಾ ತಾಪಿ ನದಿಯ ಹೆಸರುಕಾಳಿನ ಬಣ್ಣದ ಕಲ್ಲು ಶ್ರೇಷ್ಠವೆಂದು ಗ್ರಂಥಕಾರನು ಗುರುತಿಸಿದ್ದಾನೆ.

ಒರೆ ಹಚ್ಚುವಾಗ ನಡೆಯುವ ಮೋಸವೂ ಅವನಿಗೆ ಗೊತ್ತಿತ್ತು. ಗೋಮೂತ್ರದಲ್ಲಿ ನೆನೆಸಿದ ಇಂಗಳೀಕವನ್ನೋ ಕಾಸೀಸವನ್ನೋ ಬೆರಳ ತುದಿಗೆ ಬಳಿದುಕೊಂಡು ಮುಟ್ಟಿದರೆ ಒಳ್ಳೆಯ ಚಿನ್ನವೂ ಬಿಳುಪಾಗಿ ಕಾಣುತ್ತದೆಂದು ಅವನು ಎಚ್ಚರಿಸುತ್ತಾನೆ. ತಕ್ಕಡಿಯ ದೋಷಗಳನ್ನು ಎಂಟು ಬಗೆಯಾಗಿ ಎಣಿಸಿದ್ದಾನೆ. ಸುಲಭವಾಗಿ ಬಾಗುವ ದಂಡ, ಒಳಗೆ ಟೊಳ್ಳು ಮಾಡಿದ ದಂಡ, ಅಯಸ್ಕಾಂತವನ್ನು ಅಡಗಿಸಿದ ತಕ್ಕಡಿ ಇವು ಆ ಪಟ್ಟಿಯಲ್ಲಿವೆ. ಸೀಸದ ತುಂಡಿನ ಮೇಲೆ ಚಿನ್ನದ ತಗಡನ್ನು ಹೊದಿಸಿ ಮೋಸಗೊಳಿಸುವುದನ್ನೂ ಅವನು ಬಿಟ್ಟಿಲ್ಲ. ಇದಕ್ಕಿಂತ ಮುಖ್ಯವಾದುದು ಅವನು ವಿಧಿಸಿದ ನಿಯಮ: ಅಕ್ಕಸಾಲೆಯು ಯಾವ ತೂಕ, ಯಾವ ಬಣ್ಣದ ಲೋಹವನ್ನು ಪಡೆದನೋ ಅದೇ ತೂಕ, ಅದೇ ಬಣ್ಣದಲ್ಲಿ ಹಿಂದಿರುಗಿಸಬೇಕು, ಎಷ್ಟು ಕಾಲ ಕಳೆದಿದ್ದರೂ ಸಹಜವಾದ ಸವಕಳಿಯೊಂದಕ್ಕೆ ಮಾತ್ರ ವಿನಾಯಿತಿ. ಹಳೆಯ ಆಭರಣದ ಬೆಲೆಯನ್ನು ನಿಶ್ಚಯಿಸುವ ನ್ಯಾಯವೆಲ್ಲ ಈ ಒಂದು ನಿಯಮದಲ್ಲಿ ಅಡಗಿದೆ.

ಠಕ್ಕುರ ಫೇರು

ಪರೀಕ್ಷೆಯ ವಿದ್ಯೆಯನ್ನು ಶಾಸ್ತ್ರವಾಗಿ ಬರೆದಿಟ್ಟ ಶ್ರಾವಕನೊಬ್ಬನನ್ನು ಇಲ್ಲಿ ಸ್ಮರಿಸಬೇಕು. ಶ್ರೀಮಾಲ ಕುಲದ ಠಕ್ಕುರ ಫೇರು ಈಗಿನ ಹರಿಯಾಣದ ಪ್ರದೇಶಕ್ಕೆ ಸೇರಿದವನು. ದೆಹಲಿಯಲ್ಲಿ ಅಲ್ಲಾವುದ್ದೀನ್ ಖಿಲ್ಜಿಯ ಆಡಳಿತದಲ್ಲಿ ಸೇವೆ ಸಲ್ಲಿಸಿದನು. 1315ರಲ್ಲಿ ರತ್ನಪರೀಕ್ಷೆಯನ್ನೂ, ದೆಹಲಿಯ ಟಂಕಸಾಲೆಯ ಅನುಭವದ ಆಧಾರದಿಂದ 1318ರಲ್ಲಿ ದ್ರವ್ಯಪರೀಕ್ಷೆಯನ್ನೂ ರಚಿಸಿದನು. ದ್ರವ್ಯಪರೀಕ್ಷೆಯಲ್ಲಿ ಚಿನ್ನ ಬೆಳ್ಳಿಗಳನ್ನು ಶೋಧಿಸುವ ಕ್ರಮ, ಅವುಗಳ ಶುದ್ಧತೆಯ ಲೆಕ್ಕ, ನಾನಾ ರಾಜ್ಯಗಳ ನಾಣ್ಯಗಳ ತೂಕ, ಅವುಗಳಲ್ಲಿರುವ ಲೋಹದ ಪ್ರಮಾಣ ಇವೆಲ್ಲ ಪ್ರಾಕೃತ ಗಾಹೆಗಳಲ್ಲಿ ನಿರೂಪಿತವಾಗಿವೆ. ಶತಮಾನಗಳ ಕಾಲ ಮರೆಯಾಗಿದ್ದ ಈ ಕೃತಿಯ ಹಸ್ತಪ್ರತಿಯು ಕಲ್ಕತ್ತೆಯಲ್ಲಿ ಅಗರಚಂದ ಮತ್ತು ಭಂವರಲಾಲ ನಾಹಟಾ ಅವರ ಪರಿಶ್ರಮದಿಂದ ಬೆಳಕಿಗೆ ಬಂದು, 1961ರಲ್ಲಿ ಮುದ್ರಿತವಾಯಿತು.

ಚಿನಿವಾರರ ವಿದ್ಯೆಯು ಸಾಮಾನ್ಯವಾಗಿ ತಂದೆಯಿಂದ ಮಗನಿಗೆ ಕೈಯಿಂದ ಕೈಗೆ ಬರುವಂಥದು. ಹೊರಗಿನವರಿಗೆ ಅದು ಗುಟ್ಟು. ಫೇರು ಅದನ್ನು ಅಕ್ಷರಕ್ಕಿಳಿಸಿದನು. ಬಲ್ಲವನು ತನ್ನ ತಿಳಿವನ್ನು ಬರೆದಿಟ್ಟಲ್ಲಿ ತಿಳಿಯದವನು ಮೋಸಹೋಗುವ ಅವಕಾಶವು ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಹೊನ್ನಿನ ಹೆಸರು, ಹೊನ್ನಿನ ಬಣ್ಣ

ಕರ್ನಾಟಕದ ಶಾಸನಗಳಲ್ಲಿ ಬಸದಿಗಳಿಗೂ ದೇವಾಲಯಗಳಿಗೂ ಗದ್ಯಾಣಗಳ ದಾನವು ಹೇರಳವಾಗಿ ಉಕ್ತವಾಗಿದೆ. ಕೆಲವೆಡೆ ಬರಿಯ ಗದ್ಯಾಣವೆನ್ನದೆ ಲೊಕ್ಕಿ ಗದ್ಯಾಣವೆಂದು ವಿಶೇಷಿಸಿ ಹೇಳಿರುವುದುಂಟು. ದಾನಚಿಂತಾಮಣಿ ಅತ್ತಿಮಬ್ಬೆಯ ಬಸದಿಯಿಂದ ಪಾವನವಾದ ಲೊಕ್ಕಿಗುಂಡಿ, ಅಂದರೆ ಇಂದಿನ ಲಕ್ಕುಂಡಿಯು, ಟಂಕಸಾಲೆಗೂ ಹೆಸರಾಗಿತ್ತು. ಯಾವ ಟಂಕಸಾಲೆಯ ಹೊನ್ನು ಎಂಬುದನ್ನು ಶಾಸನದಲ್ಲಿ ಹೇಳಬೇಕಾಗಿ ಬಂದುದರಿಂದ, ಹೊನ್ನೆಲ್ಲ ಒಂದೇ ಅಲ್ಲವೆಂಬ ಅರಿವು ದಾನಿಗೂ ಗ್ರಹೀತೃವಿಗೂ ಇದ್ದಿತೆಂದು ಊಹಿಸಬಹುದು.

ಹೆಸರನ್ನು ನಂಬಿದರೆ ಸಾಲದು, ಪರೀಕ್ಷೆಯೇ ಪ್ರಮಾಣವೆಂಬುದಕ್ಕೆ ಅಬುಲ್ ಫಜಲನ ಐನ್-ಇ-ಅಕ್ಬರಿಯಲ್ಲಿ ಒಳ್ಳೆಯ ನಿದರ್ಶನವಿದೆ. ಆ ಕಾಲದಲ್ಲಿ ಉತ್ತರದಲ್ಲಿ ಅತ್ಯಂತ ಶುದ್ಧವಾದ ಚಿನ್ನವನ್ನು ಹನ್ನೆರಡು ಬಾನಿಯೆಂದು ಎಣಿಸುತ್ತಿದ್ದರು. ದಖ್ಖನದ ಹಳೆಯ ಹೊನ್ನು ಹತ್ತು ಬಾನಿಯದೆಂದು ಜನ ತಿಳಿದಿದ್ದರು. ಅಕ್ಬರನ ಕಾಲದ ಪರೀಕ್ಷೆಯಲ್ಲಿ ಅದು ಎಂಟೂವರೆಯೆಂದು ನಿರ್ಣಯವಾಯಿತು. ಹನ್ನೆರಡೆಂದು ಖ್ಯಾತವಾಗಿದ್ದ ಅಲ್ಲಾವುದ್ದೀನನ ದೀನಾರವು ಹತ್ತೂವರೆಗೆ ಇಳಿಯಿತು. ಇಲ್ಲಿ ಯಾರೊಬ್ಬರ ಮೋಸವೂ ಇರಬೇಕಾಗಿಲ್ಲ. ಪರೀಕ್ಷೆಯು ಸೂಕ್ಷ್ಮವಾದಂತೆ ಹಳೆಯ ನಂಬಿಕೆಯು ತಿದ್ದುಪಡಿಯಾಗುತ್ತದೆ. ಅಜ್ಜಿಯ ಕಾಲದ ಚಿನ್ನವೆಲ್ಲ ಅಪರಂಜಿಯೆಂಬ ಮನೆಮನೆಯ ನಂಬಿಕೆಗೂ ಇದೇ ಮಾತು ಸಲ್ಲುತ್ತದೆ. ಹಳೆಯ ಒಡವೆಗಳಲ್ಲಿ ಬೆಸುಗೆಗೆ ಕೀಳು ಲೋಹವನ್ನು ಬಳಸುತ್ತಿದ್ದುದರಿಂದ, ಬೆಸುಗೆ ಹೆಚ್ಚಿರುವ ಸರಗಳನ್ನು ಕರಗಿಸಿದಾಗ ಶುದ್ಧತೆಯು ಎಣಿಸಿದುದಕ್ಕಿಂತ ಕಡಿಮೆಯಾಗುವುದುಂಟು.

ಬನಾರಸೀದಾಸರ ಅನುಭವ

ಸಮಯಸಾರ ನಾಟಕದ ಕರ್ತೃವಾದ ಕವಿ ಬನಾರಸೀದಾಸರು ರತ್ನವ್ಯಾಪಾರಿಗಳ ಮನೆತನದಲ್ಲಿ 1586ರಲ್ಲಿ ಜನಿಸಿದವರು. 1641ರಲ್ಲಿ ಅವರು ಬರೆದ ಅರ್ಧಕಥಾನಕವೆಂಬ ಆತ್ಮಚರಿತ್ರೆಯಲ್ಲಿ ತಮ್ಮ ವ್ಯಾಪಾರದ ನಷ್ಟಗಳನ್ನೂ ದೌರ್ಬಲ್ಯಗಳನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಅದರಲ್ಲಿ ಬರುವ ಒಂದು ಪ್ರಸಂಗವು ಹೀಗಿದೆ. ಪ್ರಯಾಣದ ದಾರಿಯಲ್ಲಿ ಅವರ ಸಹಪ್ರಯಾಣಿಕನೊಬ್ಬನು ಒಂದು ರೂಪಾಯಿಯನ್ನು ಚಿಲ್ಲರೆ ಮಾಡಿಸಲು ಸರಾಫನ ಬಳಿಗೆ ಹೋದನು. ನಾಣ್ಯವು ಖೋಟಾ ಎಂದು ಸರಾಫನು ತಗಾದೆ ತೆಗೆದನು. ಮಾತಿಗೆ ಮಾತು ಬೆಳೆದು ಜಗಳವಾಗಿ, ಇಡೀ ತಂಡವೇ ಖೋಟಾ ನಾಣ್ಯದವರೆಂಬ ಆರೋಪಕ್ಕೆ ಒಳಗಾಯಿತು. ಪ್ರಯಾಣಿಕರು ಪ್ರಾಣದಂಡನೆಯ ಭಯದಲ್ಲಿ ರಾತ್ರಿಯನ್ನು ಕಳೆಯಬೇಕಾಯಿತು. ಸಮೀಪದ ಊರಿನಲ್ಲಿ ಪರಿಚಯದವರು ದೊರೆತುದರಿಂದ ಅವರು ಬದುಕಿಕೊಂಡರು.

ಪರೀಕ್ಷಕನ ಮಾತಿಗೆ ಎದುರು ಸಾಕ್ಷಿಯಿಲ್ಲದ ಕಾಲದಲ್ಲಿ ಪ್ರಾಮಾಣಿಕನ ಗತಿ ಏನಾಗಬಹುದೆಂಬುದನ್ನು ಈ ಪ್ರಸಂಗವು ತೋರಿಸುತ್ತದೆ. ಅಂದು ಅವರನ್ನು ಉಳಿಸಿದ್ದು ಪರಿಚಯದ ಬಲ. ಪರಿಚಯವಿಲ್ಲದವನಿಗೂ ನ್ಯಾಯವು ದೊರೆಯಬೇಕಾದರೆ ಮೂರನೆಯವನ ನಿಷ್ಪಕ್ಷಪಾತವಾದ ಪರೀಕ್ಷೆಯೊಂದು ಇರಬೇಕಾಗುತ್ತದೆ.

ಮುದ್ರೆಯ ಕಾಲ

ಸ್ವತಂತ್ರ ಭಾರತದಲ್ಲಿ ಚಿನ್ನದ ವ್ಯವಹಾರವು ಹಲವು ತಿರುವುಗಳನ್ನು ಕಂಡಿತು. 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣ ನಿಯಮಗಳು ಜಾರಿಗೆ ಬಂದು, ಹೊಸ ಆಭರಣಗಳ ಶುದ್ಧತೆಗೆ 14 ಕ್ಯಾರಟ್ಟಿನ ಮಿತಿಯನ್ನು ವಿಧಿಸಲಾಯಿತು. ಸಹಸ್ರಾರು ಅಕ್ಕಸಾಲೆಗಳ ಬದುಕು ಕಷ್ಟಕ್ಕೀಡಾಯಿತು. 1968ರ ಚಿನ್ನ ನಿಯಂತ್ರಣ ಕಾಯಿದೆಯು 1990ರಲ್ಲಿ ರದ್ದಾಯಿತು. ಭಾರತೀಯ ಮಾನಕ ಬ್ಯೂರೋ 2000ದಲ್ಲಿ ಚಿನ್ನದ ಆಭರಣಗಳಿಗೆ ಹಾಲ್‌ಮಾರ್ಕ್ ಮುದ್ರೆಯನ್ನು ಆರಂಭಿಸಿತು. ಮೊದಲಿಗೆ ಅದು ವರ್ತಕರ ಇಚ್ಛೆಗೆ ಬಿಟ್ಟದ್ದಾಗಿತ್ತು. 2021ರ ಜೂನ್ 16ರಿಂದ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. ಅದೇ ವರ್ಷ ಪ್ರತಿಯೊಂದು ಆಭರಣಕ್ಕೂ ಅಕ್ಷರ ಅಂಕಿಗಳು ಸೇರಿದ ಆರು ಸ್ಥಾನಗಳ ಪ್ರತ್ಯೇಕ ಗುರುತು ಬಂದಿತು. ಮುದ್ರೆಯಲ್ಲಿರುವ 916 ಎಂಬ ಅಂಕಿಯು 22 ಕ್ಯಾರಟ್ಟನ್ನೂ, 750 ಎಂಬುದು 18 ಕ್ಯಾರಟ್ಟನ್ನೂ ಸೂಚಿಸುತ್ತದೆ.

ಕಡ್ಡಾಯ ನಿಯಮವು ವರ್ತಕರು ಮಾರುವ ಆಭರಣಗಳಿಗೆ ಸಂಬಂಧಿಸಿದ್ದು. ಮುದ್ರೆಯಿಲ್ಲದ ಹಳೆಯ ಒಡವೆಯನ್ನು ಗೃಹಸ್ಥನು ವರ್ತಕನಿಗೆ ಮಾರಲು ಯಾವ ಅಡ್ಡಿಯೂ ಇಲ್ಲ. ಮುದ್ರೆಯಿಲ್ಲವೆಂಬ ಒಂದೇ ಕಾರಣದಿಂದ ಬೆಲೆಯನ್ನು ತಗ್ಗಿಸುವುದು ನ್ಯಾಯವಲ್ಲ. ಮಾನಕ ಬ್ಯೂರೋದ ಮಾನ್ಯತೆಯುಳ್ಳ ಪರೀಕ್ಷಾ ಕೇಂದ್ರದಲ್ಲಿ ಅಲ್ಪ ಶುಲ್ಕವನ್ನು ತೆತ್ತು ಶುದ್ಧತೆಯ ವರದಿಯನ್ನು ಯಾರು ಬೇಕಾದರೂ ಪಡೆಯಬಹುದು. ಬನಾರಸೀದಾಸರ ಕಾಲದಲ್ಲಿ ಇಲ್ಲದಿದ್ದ ಮೂರನೆಯ ಸಾಕ್ಷಿಯು ಇದೇ.

ನ್ಯಾಯಬೆಲೆಯ ಲೆಕ್ಕ

ಲೆಕ್ಕವು ಸರಳವಾದುದು. ಕಲ್ಲು, ಅರಗು, ದಾರಗಳನ್ನು ಬಿಟ್ಟು ಉಳಿದ ತೂಕ, ಪರೀಕ್ಷೆಯಿಂದ ತಿಳಿದ ಶುದ್ಧತೆ, ಆ ದಿನದ ಶುದ್ಧ ಚಿನ್ನದ ಧಾರಣೆ ಈ ಮೂರರ ಗುಣಲಬ್ಧವೇ ಬೆಲೆಯ ಆಧಾರ. ಉದಾಹರಣೆಗೆ, 20 ಗ್ರಾಂ ತೂಗುವ ಒಂದು ಸರದಲ್ಲಿ ಕಲ್ಲು ಮತ್ತು ಅರಗು 2 ಗ್ರಾಂ ಇದ್ದರೆ ಲೋಹವು 18 ಗ್ರಾಂ. ಪರೀಕ್ಷೆಯಲ್ಲಿ ಸಾವಿರಕ್ಕೆ 875 ಭಾಗ ಚಿನ್ನವೆಂದು ಬಂದರೆ ಶುದ್ಧ ಚಿನ್ನವು 15.75 ಗ್ರಾಂ ಆಗುತ್ತದೆ. ಕಣ್ಣಂದಾಜಿನಲ್ಲಿ ಇದು 18 ಕ್ಯಾರಟ್ ಎಂದು ಒಪ್ಪಿಕೊಂಡರೆ 13.5 ಗ್ರಾಮಿನ ಬೆಲೆ ಮಾತ್ರ ಕೈಗೆ ಬರುತ್ತದೆ, 2.25 ಗ್ರಾಂ ಶುದ್ಧ ಚಿನ್ನವು ಮಾತಿಲ್ಲದೆ ಕೈತಪ್ಪುತ್ತದೆ. 22 ಕ್ಯಾರಟ್ ಎಂದು ಹೇಳಿ ಮಾರಿದರೆ ಕೊಳ್ಳುವವನಿಗೆ ಮುಕ್ಕಾಲು ಗ್ರಾಮಿನಷ್ಟು ನಷ್ಟವಾಗುತ್ತದೆ. ಎರಡೂ ಕಡೆಯ ತಪ್ಪನ್ನು ತಡೆಯುವುದು ಪರೀಕ್ಷೆಯೊಂದೇ.

ಒರೆಗಲ್ಲಿನಿಂದ ಸಿಗುವುದು ಒಳ್ಳೆಯ ಅಂದಾಜು ಮಾತ್ರ. ಕ್ಷ-ಕಿರಣದ ಯಂತ್ರವು ಒಡವೆಯನ್ನು ಕೆಡಿಸದೆ ಕ್ಷಣದಲ್ಲಿ ಅಂಕಿಯನ್ನು ಕೊಡುತ್ತದೆಯಾದರೂ ಅದು ನೋಡುವುದು ಮೇಲ್ಪದರವನ್ನು. ಕೌಟಿಲ್ಯನು ಹೇಳಿದ ತಗಡು ಹೊದಿಸಿದ ಸೀಸವನ್ನು ಅದು ಕಾಣದೆ ಹೋಗಬಹುದು. ಪುಟವಿಟ್ಟು ಮಾಡುವ ಪರೀಕ್ಷೆಯು ಇವೆಲ್ಲಕ್ಕಿಂತ ನಿಖರವಾದುದು. ಕರಗಿಸುವುದಾದರೆ ಮಾರುವವರ ಕಣ್ಣೆದುರಿನಲ್ಲಿ, ಮೊದಲು ಮತ್ತು ಅನಂತರ ತೂಕ ಮಾಡಿ ಕರಗಿಸಬೇಕು. ವರ್ತಕನು ತನ್ನ ಶ್ರಮಕ್ಕೂ ಶೋಧನೆಯ ವೆಚ್ಚಕ್ಕೂ ಒಂದಂಶವನ್ನು ಕಳೆಯುವುದು ಅಧರ್ಮವಲ್ಲ. ಆ ಅಂಶವು ಎಷ್ಟೆಂದು ಮೊದಲೇ ಹೇಳದೆ ತೂಕದಲ್ಲಿಯೋ ಶುದ್ಧತೆಯಲ್ಲಿಯೋ ಅಡಗಿಸುವುದು ಅತಿಚಾರ. ಮಾಡಿಸುವಾಗ ಕೊಟ್ಟ ಕೂಲಿಯು ಹಿಂದಿರುಗಿ ಬಾರದೆಂಬುದನ್ನು ಮಾರುವವರೂ ಅರಿತಿರಬೇಕು.

ಬಸದಿಯ ಚಿನ್ನ

ಬಸದಿಗಳ ಹುಂಡಿಯಲ್ಲಿ ಬೀಳುವ ಚಿಕ್ಕಪುಟ್ಟ ಒಡವೆಗಳನ್ನು ಮಾರಬೇಕಾಗಿ ಬಂದಾಗ ಹೊಣೆಯು ಇಮ್ಮಡಿಯಾಗುತ್ತದೆ. ತನ್ನ ಚಿನ್ನವನ್ನು ಕಡಿಮೆಗೆ ಕೊಟ್ಟ ಗೃಹಸ್ಥನು ತನ್ನದನ್ನು ಕಳೆದುಕೊಳ್ಳುತ್ತಾನೆ; ವಿಶ್ವಸ್ಥನು ಹಾಗೆ ಮಾಡಿದರೆ ದಾನಿಯ ಭಾವವನ್ನೇ ಕಳೆದಂತಾಗುತ್ತದೆ. ಕಾಣಿಕೆಯನ್ನು ಹಲವರ ಎದುರಿನಲ್ಲಿ ತೂಗಿ ದಾಖಲಿಸುವುದು, ಮಾರಾಟಕ್ಕೆ ಮುನ್ನ ಪರೀಕ್ಷಾ ವರದಿಯನ್ನು ಪಡೆಯುವುದು, ಒಬ್ಬರಿಗಿಂತ ಹೆಚ್ಚು ವರ್ತಕರಿಂದ ಬರಹದಲ್ಲಿ ಬೆಲೆಯನ್ನು ಕೇಳುವುದು, ವಿಶ್ವಸ್ಥರು ತಾವಾಗಲಿ ತಮ್ಮ ಬಂಧುಗಳ ಹೆಸರಿನಲ್ಲಾಗಲಿ ಕೊಳ್ಳದಿರುವುದು, ರಸೀದಿಯನ್ನು ಲೆಕ್ಕದೊಡನೆ ಇಡುವುದು ಇವು ಅಪನಂಬಿಕೆಯ ಲಕ್ಷಣಗಳಲ್ಲ. ಪ್ರಾಮಾಣಿಕನಾದ ವಿಶ್ವಸ್ಥನ ಗೌರವವನ್ನು ಕಾಯುವ ಕ್ರಮಗಳು ಇವು. ಕಲಾಮೌಲ್ಯವುಳ್ಳ ಪ್ರಾಚೀನ ಆಭರಣವನ್ನು ಮಾತ್ರ ಲೋಹದ ಬೆಲೆಗೆ ಕರಗಿಸುವುದು ಸಲ್ಲದು. ಒಮ್ಮೆ ಕರಗಿದ ಕುಶಲಕರ್ಮವು ಮರಳಿ ಬಾರದು.

ಅಕ್ಕಸಾಲೆಯು ಅಕ್ಕನ ಚಿನ್ನವನ್ನೂ ಬಿಡನೆಂಬ ಗಾದೆಯು ಕನ್ನಡದಲ್ಲಿ ರೂಢಿಯಲ್ಲಿದೆ. ಒಂದು ಕುಶಲ ವೃತ್ತಿಯವರೆಲ್ಲರ ಮೇಲೆ ಹೊರಿಸಿದ ಈ ಮಾತು ನ್ಯಾಯವಾದುದಲ್ಲ. ನೋಡಿ ತಿಳಿಯಲಾಗದ ವಸ್ತುವಿನ ವ್ಯವಹಾರದಲ್ಲಿ ಸಂಶಯವು ಹುಟ್ಟುವುದು ಸಹಜ. ಅದನ್ನು ನಿಂದೆಯಿಂದ ಕಳೆಯಲಾಗದು, ಪರೀಕ್ಷೆಯಿಂದ ಕಳೆಯಬಹುದು. ಕಷ್ಟಕಾಲದಲ್ಲಿ ಸರವನ್ನು ಹಿಡಿದು ಬಂದ ತಾಯಿಯೊಬ್ಬಳಿಗೆ ಕೇಳುವ ಮೊದಲೇ ತೂಕವನ್ನೂ ಶುದ್ಧತೆಯನ್ನೂ ಧಾರಣೆಯನ್ನೂ ಬರೆದು ತೋರಿಸುವ ವರ್ತಕನು, ಅಂಗಡಿಯಲ್ಲಿ ಕುಳಿತೇ ಅಚೌರ್ಯಾಣುವ್ರತವನ್ನು ಪಾಲಿಸಿದವನಾಗುತ್ತಾನೆ.