ಹೌದು ಎಂದವರು ಯಾರು?

ಕೊಪ್ಪ ಅಂದ ಕೂಡಲೇ ನಿಮ್ಮಲ್ಲಿ ಅರ್ಧ ಜನಕ್ಕೆ ಮಲೆನಾಡಿನ ಕೊಪ್ಪ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಅದಲ್ಲ. ಮೈಸೂರಿನಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ, ಪಿರಿಯಾಪಟ್ಟಣ ತಾಲ್ಲೂಕಿನ ಕೊನೆಯಲ್ಲಿ, ಬೈಲಕುಪ್ಪೆಯ ಟಿಬೆಟನ್ನರ ದೇವಸ್ಥಾನ ನೋಡಲು ಹೊರಟ ಬಸ್ಸುಗಳು ತಿರುಗುವ ಆ ಕೊಪ್ಪ. ಕಾವೇರಿ ಸೇತುವೆ ದಾಟಿದರೆ ಕುಶಾಲನಗರ, ಕೊಡಗು ಜಿಲ್ಲೆ.

2020ರ ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಟೀ ಕುಡಿಯಲು ಗಾಡಿ ನಿಲ್ಲಿಸಿದ್ದೆ. ಹೊಗೆಸೊಪ್ಪು ಬೆಳೆಯುವ ಹಿರಿಯರೊಬ್ಬರು ಗುರುತು ಹಿಡಿದು ಪಕ್ಕದಲ್ಲಿ ಬಂದು ಕೂತರು. ಟಿವಿಯವರನ್ನು ಕಂಡರೆ ಜನ ಸಾಮಾನ್ಯವಾಗಿ ಕೇಳುವುದು ಮುಂದಿನ ಮುಖ್ಯಮಂತ್ರಿ ಯಾರು ಅಂತ. ಇವರು ಕೇಳಿದ್ದೇ ಬೇರೆ.

‘ಅರಸು ಕಾಲ್ದಲ್ಲಿ ನಮ್ಮಪ್ಪಂಗೆ ಗೇಣಿ ಮಾಡ್ತಿದ್ದ ಮೂರೆಕ್ರೆ ಬಂತು ಸಾ. ಈಗ ಆ ಕಾನೂನ್ನ ತಿದ್ದುಬುಟ್ರಂತಲ್ಲ. ನಮ್ ಕಡೆ ಎಮ್ಮೆಲ್ಲೆಗಳು ಹೂಂ ಅಂದ್ರಾ, ಉಹೂಂ ಅಂದ್ರಾ? ನೀವು ಟಿವಿಯೋರು, ನಿಮ್ಗೆ ಗೊತ್ತಿರ್ತದೆ, ಹೇಳ್ಬುಡಿ.’

ಪಕ್ಷಗಳ ನಿಲುವು ಹೇಳಿದೆ. ಯಾರು ಧರಣಿ ಕೂತರು, ಯಾರು ಭಾಷಣ ಮಾಡಿದರು ಎಂದೆ. ಅವರು ತಲೆ ಆಡಿಸಿ, ‘ಅದಲ್ಲ ಸಾ, ಓಟು’ ಅಂದರು. ಇಪ್ಪತ್ತು ವರ್ಷ ವಿಧಾನಸೌಧದ ಸುದ್ದಿ ಮಾಡಿದವನು ನಾನು. ಆ ಬೆಂಚಿನ ಮೇಲೆ ಕೂತು ನನಗೆ ಬಾಯಿ ಬರಲಿಲ್ಲ.

ಯಾಕೆ ಬರಲಿಲ್ಲ ಅಂದರೆ, ನಮ್ಮ ಸದನಗಳಲ್ಲಿ ಬಹುಪಾಲು ವಿಧೇಯಕಗಳು ಧ್ವನಿಮತದಲ್ಲಿ ಪಾಸಾಗುತ್ತವೆ. ಒಪ್ಪುವವರು ಹೌದು ಅನ್ನಿ, ಒಪ್ಪದವರು ಇಲ್ಲ ಅನ್ನಿ. ಪೀಠದಲ್ಲಿ ಕೂತವರ ಕಿವಿಗೆ ಯಾವುದು ಜೋರಾಗಿ ಬಿತ್ತೋ ಅದು ತೀರ್ಮಾನ. ಸಂವಿಧಾನದ 189ನೇ ವಿಧಿ ಹೇಳುವುದು ಹಾಜರಿದ್ದು ಮತ ಹಾಕಿದವರ ಬಹುಮತದಿಂದ ತೀರ್ಮಾನವಾಗಬೇಕು ಎಂದು ಮಾತ್ರ. ಯಾರ ಮತ ಎತ್ತ ಬಿತ್ತು ಎಂದು ಹೆಸರು ಬರೆದಿಡಬೇಕು ಅಂತ ಅಲ್ಲಿಲ್ಲ. ಯಾರಾದರೂ ಪಟ್ಟು ಹಿಡಿದು ಮತ ವಿಭಜನೆ ಕೇಳಿದರೆ ಮಾತ್ರ ಸಾಲುಸಾಲಾಗಿ ಎದ್ದು ನಿಲ್ಲಿಸಿ ತಲೆ ಎಣಿಸುತ್ತಾರೆ. ನೋಡಿ, ನಾವು ಬೂತಿನಲ್ಲಿ ಹಾಕುವ ಓಟು ಗುಟ್ಟಾಗಿರಬೇಕು, ನಾವು ಕಳಿಸಿದವರು ಹಾಕುವ ಓಟು ಬಯಲಲ್ಲಿರಬೇಕು. ಇಲ್ಲಿ ಅವರದೂ ಗದ್ದಲದಲ್ಲಿ ಮುಚ್ಚಿಹೋಗುತ್ತದೆ.

ಇದರಲ್ಲೊಂದು ತಮಾಷೆ ಇದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರು ಪ್ರಜಾ ಪ್ರತಿನಿಧಿ ಸಭೆ ಕರೆದರು. ಅಕ್ಟೋಬರ್ 7ರಂದು, ದಸರಾ ಹೊತ್ತಿಗೆ, 144 ಮಂದಿ ಮೈಸೂರಿನಲ್ಲಿ ಸೇರಿದರು. ಜಮೀನುದಾರರು, ವ್ಯಾಪಾರಿಗಳು, ತಾಲ್ಲೂಕುಗಳಿಂದ ಆರಿಸಿ ಕಳಿಸಿದವರು. ಅವರಿಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ದಿವಾನರು ವರ್ಷದ ವರದಿ ಓದುತ್ತಿದ್ದರು, ಇವರು ತಮ್ಮ ತಾಲ್ಲೂಕಿನ ಅಹವಾಲು ಹೇಳುತ್ತಿದ್ದರು. ಕೆರೆ ಏರಿ ಒಡೆದಿದೆ, ಕಂದಾಯ ಹೆಚ್ಚಾಯಿತು, ಕಾಡುಪ್ರಾಣಿ ಬೆಳೆ ತಿನ್ನುತ್ತಿವೆ. ಅಷ್ಟೆ. ಆದರೆ ಆ ಸಭೆಯ ನಡವಳಿಗಳು ಅಚ್ಚಾಗಿವೆ, ಇಂಥ ತಾಲ್ಲೂಕಿನ ಇಂಥವರು ಇಂಥದ್ದು ಕೇಳಿದರು, ಸರ್ಕಾರ ಇಂಥ ಉತ್ತರ ಕೊಟ್ಟಿತು ಎಂದು. ಮಹಾರಾಜರ ಕಾಲದ ಪ್ರತಿನಿಧಿಗೆ ಓಟಿರಲಿಲ್ಲ, ಹೆಸರಿತ್ತು. ಇವತ್ತಿನವರಿಗೆ ಓಟಿದೆ. ಹೆಸರು ಎಲ್ಲಿ?

ಡಿ. ದೇವರಾಜ ಅರಸು ರಾಜಕೀಯಕ್ಕೆ ಕಾಲಿಟ್ಟದ್ದೂ ಅದೇ ಸಭೆಯ ಮೂಲಕ. 1941ರಲ್ಲಿ, ಹುಣಸೂರು ಕಡೆಯಿಂದ. ಆಗಲೂ ಕೊಪ್ಪದ ಹೊಳೆಯ ಆಚೆ ಬೇರೆಯೇ ಆಡಳಿತ. ಸ್ವಾತಂತ್ರ್ಯ ಬಂದ ಮೇಲೂ 1956ರ ನವೆಂಬರ್ 1ರವರೆಗೆ ಕೊಡಗು ಪ್ರತ್ಯೇಕ ರಾಜ್ಯ, ಅದಕ್ಕೆ 24 ಸದಸ್ಯರ ಪುಟ್ಟ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಕಾಂಗ್ರೆಸ್ಸಿನವರು 15, ಎದುರಿಗೆ ತಕ್ಕಡಿ ಗುರುತಿನವರು 9. ಇಪ್ಪತ್ನಾಲ್ಕು ಜನರ ಮನೆಯಲ್ಲಿ ಯಾರ ಕೈ ಎತ್ತ ಎದ್ದಿತು ಎಂದು ಕೇಳಲು ಪಟ್ಟಿ ಬೇಕಿರಲಿಲ್ಲ, ಸಂತೆಯಲ್ಲೇ ತಿಳಿಯುತ್ತಿತ್ತು. 224 ಕ್ಷೇತ್ರಗಳ ಮನೆಯಲ್ಲಿ ಹಾಗಾಗುವುದಿಲ್ಲ.

ಹೊರಗಿನವರು ಏನು ಮಾಡಿದ್ದಾರೆ? ನಮಗೆ ಸಂಸದೀಯ ಪದ್ಧತಿ ಕಲಿಸಿದ ಬ್ರಿಟಿಷರಲ್ಲಿ ಒಂದು ಕಾಲದಲ್ಲಿ ಸದನದ ಮಾತು ಅಚ್ಚು ಹಾಕುವುದೇ ಹಕ್ಕುಚ್ಯುತಿ. ಆಮೇಲೆ ಅದೇ ಹೌಸ್ ಆಫ್ ಕಾಮನ್ಸ್ 1836ರಿಂದ ಮತ ವಿಭಜನೆಯ ಪಟ್ಟಿಯನ್ನು ಹೆಸರು ಸಮೇತ ತಾನೇ ಪ್ರಕಟಿಸತೊಡಗಿತು. ಅಮೆರಿಕದ ಸಂವಿಧಾನದಲ್ಲಿ ಹಾಜರಿದ್ದವರ ಐದನೇ ಒಂದು ಭಾಗ ಕೇಳಿದರೆ ಸಾಕು, ಹೌದು ಇಲ್ಲಗಳನ್ನು ದಾಖಲೆಗೆ ಏರಿಸಲೇಬೇಕು. ನಮ್ಮಲ್ಲಿ ಸರ್ಕಾರ ಬೀಳುವ ಹೊತ್ತಿಗೆ ಮಾತ್ರ ಎಣಿಕೆ ನೆನಪಾಗುತ್ತದೆ. ಆ ಎಣಿಕೆಯ ಪಾಠವನ್ನೂ ದೇಶಕ್ಕೆ ಹೇಳಿಕೊಟ್ಟದ್ದು ಕರ್ನಾಟಕವೇ.

1989ರ ಏಪ್ರಿಲ್. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಅವರ ಪಕ್ಷದ ಶಾಸಕರೊಬ್ಬರು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ 19 ಪತ್ರಗಳನ್ನು ತಂದುಕೊಟ್ಟರು, ಬೆಂಬಲ ವಾಪಸ್ ಎಂದು. ರಾಜ್ಯಪಾಲರು ದೆಹಲಿಗೆ ವರದಿ ಕಳಿಸಿದರು. ಮರುದಿನವೇ ಆ 19ರಲ್ಲಿ ಏಳು ಜನ, ನಮ್ಮ ಸಹಿಯನ್ನು ತಪ್ಪು ಹೇಳಿ ಪಡೆದಿದ್ದಾರೆ ಅಂದರು. ಸದನದಲ್ಲಿ ಬಲಾಬಲ ನೋಡೋಣ, 27ಕ್ಕೆ ಅಧಿವೇಶನ ಕರೆಯಿರಿ ಎಂದು ಬೊಮ್ಮಾಯಿ ಕೇಳಿದ್ದರು. ಕೇಳಿದವರು ಯಾರು! 21ರಂದೇ ರಾಷ್ಟ್ರಪತಿ ಆಳ್ವಿಕೆ. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟದ್ದು 1994ರ ಮಾರ್ಚ್ 11ಕ್ಕೆ. ಬಹುಮತ ಇದೆಯೋ ಇಲ್ಲವೋ ಅನ್ನುವುದು ರಾಜಭವನದ ಮೇಜಿನ ಮೇಲಲ್ಲ, ಸದನದಲ್ಲಿ ತೀರ್ಮಾನವಾಗಬೇಕು. ಬೊಮ್ಮಾಯಿಯವರಿಗೆ ಕುರ್ಚಿ ವಾಪಸ್ ಸಿಗಲಿಲ್ಲ, ದೇಶಕ್ಕೆ ಒಂದು ನಿಯಮ ಸಿಕ್ಕಿತು.

ಆದರೆ ಸದನದಲ್ಲಿ ಅಂದರೆ ಹೇಗೆ? ಕಿವಿಯಿಂದಲೋ, ಕಣ್ಣಿಂದಲೋ? 2010ರ ಅಕ್ಟೋಬರಿನಲ್ಲಿ ಒಂದೇ ವಾರದಲ್ಲಿ ಎರಡನ್ನೂ ನೋಡಿಬಿಟ್ಟೆವು. ಯಡಿಯೂರಪ್ಪ ಸರ್ಕಾರದ ವಿರುದ್ಧ ಬಂಡಾಯ. ಸ್ಪೀಕರ್ ಕೆ.ಜಿ. ಬೋಪಯ್ಯ, ಇದೇ ಕೊಪ್ಪದ ಹೊಳೆಯಾಚೆಯ ಕೊಡಗಿನವರು, ವಿರಾಜಪೇಟೆ ಶಾಸಕರು. ವಿಶ್ವಾಸಮತದ ಹಿಂದಿನ ದಿನ 11 ಬಿಜೆಪಿ ಬಂಡಾಯಗಾರರನ್ನೂ ಐವರು ಪಕ್ಷೇತರರನ್ನೂ ಅನರ್ಹಗೊಳಿಸಿದರು. 11ನೇ ತಾರೀಖು ಸದನದೊಳಗೆ ಆದ ನೂಕಾಟ ನೀವೆಲ್ಲ ನೋಡಿದ್ದೀರಿ. ಆ ಕೂಗಾಟದ ನಡುವೆ ಧ್ವನಿಮತ, ಗೆದ್ದಿತು ಎಂದು ಘೋಷಣೆ. ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಅದನ್ನು ಒಪ್ಪಲಿಲ್ಲ, ರಾಷ್ಟ್ರಪತಿ ಆಳ್ವಿಕೆಗೇ ಶಿಫಾರಸು ಮಾಡಿದರು. ಕೊನೆಗೆ 14ಕ್ಕೆ ಇನ್ನೊಂದು ಸಲ ಮತ. ಈ ಸಲ ತಲೆ ಎಣಿಸಿದರು. ಪರವಾಗಿ 106, ವಿರುದ್ಧ 100. ಆ ಅನರ್ಹತೆಯನ್ನು 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು, ಅದು ಬೇರೆ ಕಥೆ. ನನಗೆ ಮುಖ್ಯವಾದದ್ದು ಇಷ್ಟು. ಸೋಮವಾರ ಕೂಗಿನಲ್ಲಿ ಗೆದ್ದಿದ್ದನ್ನು ಯಾರೂ ನಂಬಲಿಲ್ಲ, ಗುರುವಾರ ಎಣಿಸಿದ್ದನ್ನು ಸಿಟ್ಟಿದ್ದವರೂ ನಂಬಬೇಕಾಯಿತು.

ಇನ್ನು ಹುಣಸೂರಿಗೆ ಬರೋಣ. 2018ರಲ್ಲಿ ಹುಣಸೂರಿನವರು ಜೆಡಿಎಸ್‌ನಿಂದ ಗೆಲ್ಲಿಸಿದ್ದು ಎ.ಎಚ್. ವಿಶ್ವನಾಥ್ ಅವರನ್ನು. ಕೆ.ಆರ್. ನಗರದ ಕಡೆಯವರು, ಮಂತ್ರಿಯಾಗಿದ್ದವರು, ಸಂಸದರಾಗಿದ್ದವರು. 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟು ಮುಂಬೈ ಸೇರಿದವರಲ್ಲಿ ಅವರೂ ಒಬ್ಬರು. ಜುಲೈ 17ರಂದು ಸುಪ್ರೀಂ ಕೋರ್ಟ್, ಈ ಶಾಸಕರನ್ನು ಸದನಕ್ಕೆ ಬರುವಂತೆ ಬಲವಂತ ಮಾಡಬಾರದು ಎಂದು ಮಧ್ಯಂತರ ಆದೇಶ ಕೊಟ್ಟಿತು. ಮರುದಿನ ಕುಮಾರಸ್ವಾಮಿ ವಿಶ್ವಾಸಮತ ಕೇಳಿದರು. ಚರ್ಚೆ 23ರ ಸಂಜೆವರೆಗೂ ಎಳೆಯಿತು. ಎಣಿಸಿದಾಗ ಪರ 99, ವಿರುದ್ಧ 105. ಹುಣಸೂರಿನ ಕುರ್ಚಿ ಖಾಲಿ. ಆ ಅವಧಿಯಲ್ಲಿ ಹುಣಸೂರು ಶಾಸಕರು ಚಲಾಯಿಸಿದ ಅತಿ ದೊಡ್ಡ ಮತ ಯಾವುದು ಅಂದರೆ, ಆ ಗೈರುಹಾಜರಿ.

28ಕ್ಕೆ ಸ್ಪೀಕರ್ ರಮೇಶ್ ಕುಮಾರ್ ಅನರ್ಹತೆಯ ಆದೇಶ ಹೊರಡಿಸಿದರು. ಸುಪ್ರೀಂ ಕೋರ್ಟ್ ನವೆಂಬರ್ 13ಕ್ಕೆ ಅನರ್ಹತೆ ಎತ್ತಿಹಿಡಿದು, 2023ರವರೆಗೆ ಸ್ಪರ್ಧಿಸುವಂತಿಲ್ಲ ಎಂಬ ಭಾಗವನ್ನು ಮಾತ್ರ ತೆಗೆಯಿತು. ವಿಶ್ವನಾಥ್ ಬಿಜೆಪಿಯಿಂದ ನಿಂತರು. ಹುಣಸೂರು ಕೇಂದ್ರವಾಗಿ, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳನ್ನೆಲ್ಲ ಸೇರಿಸಿ, ಅರಸು ಹೆಸರಲ್ಲೊಂದು ಹೊಸ ಜಿಲ್ಲೆ ಆಗಬೇಕು ಎಂದೂ ಕೇಳಿದರು. ಸರ್ಕಾರ ನಡೆಯುತ್ತಿದ್ದ ರೀತಿಗೆ ಬೇಸತ್ತು ಬಂದೆ ಎಂಬುದು ಅವರ ಸಮರ್ಥನೆ. ಅದನ್ನು ಜನ ಒಪ್ಪಬಹುದಿತ್ತು, ಬಿಡಬಹುದಿತ್ತು. ಡಿಸೆಂಬರ್ 5ಕ್ಕೆ ಮತದಾನ, 9ಕ್ಕೆ ಫಲಿತಾಂಶ. ಕಾಂಗ್ರೆಸ್ಸಿನ ಎಚ್.ಪಿ. ಮಂಜುನಾಥ್ 39,727 ಮತಗಳಿಂದ ಗೆದ್ದರು. ಸರಿಯೋ ತಪ್ಪೋ, ನಾನು ಅದರ ತೀರ್ಪುಗಾರನಲ್ಲ. ನಾನು ಹೇಳುವುದು, ಆ ಸಲ ಹುಣಸೂರಿನವರ ಕೈಯಲ್ಲಿ ದಾಖಲೆ ಇತ್ತು. ನಮ್ಮವರು ಅವತ್ತು ಬರಲಿಲ್ಲ ಅಂತ ಹಳ್ಳಿಯ ಅಜ್ಜಿಗೂ ಗೊತ್ತಿತ್ತು. ಗೊತ್ತಿದ್ದು ಓಟು ಹಾಕಿದರು.

ವಿಪ್ ಇರುವಾಗ ಹೆಸರು ಬರೆದು ಏನು ಪ್ರಯೋಜನ ಎಂದು ನನ್ನ ಸಹೋದ್ಯೋಗಿಗಳೇ ಕೇಳುತ್ತಾರೆ. 1985ರಲ್ಲಿ ಬಂದ ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ಪ್ರಕಾರ ಪಕ್ಷದ ಆಜ್ಞೆ ಮೀರಿ ಮತ ಹಾಕಿದರೆ ಸದಸ್ಯತ್ವ ಹೋಗುತ್ತದೆ, ಎಲ್ಲರೂ ಪಕ್ಷ ಹೇಳಿದ ಕಡೆಗೇ ಏಳುತ್ತಾರಲ್ಲ ಅಂತ. ಮಾತು ಸರಿ. ಆದರೂ ಪಕ್ಷ ಹೇಳಿದ್ದಕ್ಕೆ ಎದ್ದೆ ಎಂದು ಶಾಸಕ ಊರಿಗೆ ಬಂದು ಹೇಳಲಿ. ಏಳದೆ ಕ್ಯಾಂಟೀನಿನಲ್ಲಿ ಕೂತಿದ್ದರೆ ಅದೂ ತಿಳಿಯಲಿ. ಇನ್ನೊಂದು ಗಮನಿಸಿ. 2003ರಿಂದ ರಾಜ್ಯಸಭಾ ಚುನಾವಣೆಯಲ್ಲಿ ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಪಕ್ಷಕ್ಕೆ ತೋರಿಸುವ ಓಟನ್ನು ಕೊಪ್ಪದ ಯಜಮಾನರಿಗೆ ಯಾಕೆ ತೋರಿಸಬಾರದು?

ಓಟು ಬಿಟ್ಟರೆ ಉಳಿದದ್ದರ ಲೆಕ್ಕ ಸಿಗುತ್ತದೆ. ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಇಲ್ಲದ ಪ್ರಶ್ನೆ, ಗಮನ ಸೆಳೆಯುವ ಸೂಚನೆ, ಎಲ್ಲಕ್ಕೂ ಕೇಳಿದವರ ಹೆಸರಿದೆ. ಆದರೆ ಅದನ್ನು ಮಾರ್ಕ್ಸ್ ಕಾರ್ಡ್ ಮಾಡುವ ಮೊದಲು ಸ್ವಲ್ಪ ತಾಳಿ. ಈ ಪಾಪವನ್ನು ನಾನೇ ಮಾಡಿದ್ದೇನೆ. ಒಂದು ಕಾರ್ಯಕ್ರಮದಲ್ಲಿ ಶಾಸಕರೊಬ್ಬರ ಫೋಟೋ ಪಕ್ಕ ದೊಡ್ಡ ಕೆಂಪು ಸೊನ್ನೆ ಹಾಕಿಸಿದೆ, ಪ್ರಶ್ನೆ ಕೇಳಿದ್ದು ಸೊನ್ನೆ ಅಂತ. ಆ ಮನುಷ್ಯ ಆ ಅವಧಿಯಲ್ಲಿ ಮಂತ್ರಿ! ಮಂತ್ರಿ ಉತ್ತರ ಕೊಡುವವನು, ಕೇಳುವವನಲ್ಲ. ಹಾಗೆ ಎಣಿಸಿದರೆ ಮುಖ್ಯಮಂತ್ರಿಯಾಗಿದ್ದ ವರ್ಷಗಳಿಗೆ ಅರಸು ಅವರಿಗೂ ಸೊನ್ನೆಯೇ. ಉಳುವವನಿಗೆ ಭೂಮಿ ಕೊಟ್ಟ ತಿದ್ದುಪಡಿ ಜಾರಿಯಾದದ್ದು 1974ರ ಮಾರ್ಚ್ 1ಕ್ಕೆ, ಅವರ ಕಾಲದಲ್ಲೇ.

ಯಾರನ್ನು ಕೇಳಬೇಕು ಅನ್ನುವುದೂ ಮುಖ್ಯ. ಹೊಗೆಸೊಪ್ಪಿನ ಹರಾಜು ನಡೆಸುವ ತಂಬಾಕು ಮಂಡಳಿ 1975ರ ಕೇಂದ್ರ ಕಾಯ್ದೆಯಿಂದ ಬಂದದ್ದು, ದೆಹಲಿಯ ವಾಣಿಜ್ಯ ಸಚಿವಾಲಯದ ಕೆಳಗಿದೆ. ಬೆಲೆ ಬಿದ್ದಾಗ ಶಾಸಕರ ಮನೆ ಮುಂದೆ ಕೂತರೆ ಅವರು ಪತ್ರ ಬರೆಯಬಹುದು, ಅಷ್ಟೆ. ಪ್ರಶ್ನೆ ಎದ್ದೇಳಬೇಕಾದದ್ದು ಲೋಕಸಭೆಯಲ್ಲಿ. ಅಲ್ಲಿ ನೋಡಿದರೆ ಹುಣಸೂರು, ಪಿರಿಯಾಪಟ್ಟಣ ಮೈಸೂರು-ಕೊಡಗು ಕ್ಷೇತ್ರಕ್ಕೆ, ಕೆ.ಆರ್. ನಗರ ಮಂಡ್ಯಕ್ಕೆ, ಎಚ್.ಡಿ. ಕೋಟೆ ಚಾಮರಾಜನಗರಕ್ಕೆ. ಒಂದೇ ಸೊಪ್ಪು, ಒಂದೇ ಬ್ಯಾರನ್ನಿನ ಹೊಗೆ, ಮೂವರು ಸಂಸದರು. ಮೂವರ ಪ್ರಶ್ನೆಗಳನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಪ್ರಶ್ನೆ ಕೇಳಲು ಸದನ ಕೂರಬೇಕಲ್ಲ. ವರ್ಷಕ್ಕೆ ಕನಿಷ್ಠ 60 ದಿನ ಕೂರಬೇಕು ಎಂದು 2005ರಲ್ಲಿ ಕಾನೂನನ್ನೇ ಮಾಡಿಕೊಂಡಿದ್ದಾರೆ. ಅದನ್ನು ಪಾಲಿಸಿದ್ದಕ್ಕಿಂತ ಮುರಿದದ್ದೇ ಹೆಚ್ಚು.

ಕೊಪ್ಪದ ಆ ಹಿರಿಯರ ಕಾನೂನಿಗೆ ಕೊನೆಗೆ ಒಂದು ಕಡೆ ಎಣಿಕೆ ಸಿಕ್ಕಿತ್ತು. ಬೇಸಾಯಗಾರರಲ್ಲದವರು ಕೃಷಿ ಜಮೀನು ಕೊಳ್ಳದಂತೆ ಅರಸು ಕಾಲದಲ್ಲಿ ಕಟ್ಟಿದ ಬೇಲಿ 79ಎ ಮತ್ತು 79ಬಿ ಕಲಮುಗಳು. ಅವನ್ನು ತೆಗೆಯುವ ವಿಧೇಯಕ 2020ರ ಡಿಸೆಂಬರ್ 8ಕ್ಕೆ ವಿಧಾನ ಪರಿಷತ್ತಿನಲ್ಲಿ ಮತಕ್ಕೆ ಬಂತು. ಪರ 37, ವಿರುದ್ಧ 21. ಮೊದಲು ಬೇಡ ಎನ್ನುತ್ತಿದ್ದ ಜೆಡಿಎಸ್ ಅವತ್ತು ಸರ್ಕಾರದ ಜೊತೆ ನಿಂತಿತು. ಎಣಿಸಿದ್ದರಿಂದ ಅದು ಮುಚ್ಚಿಹೋಗಲಿಲ್ಲ. ಮರುದಿನದಿಂದಲೇ ಆ ಪಕ್ಷದ ನಾಯಕರು ಯಾಕೆ ನಿಂತೆವು ಎಂದು ವಿವರಣೆ ಕೊಡಬೇಕಾಯಿತು. ಎರಡು ತಿಂಗಳಾದ ಮೇಲೆ, 2021ರ ಫೆಬ್ರವರಿ 8ಕ್ಕೆ, ಅದೇ ಪರಿಷತ್ತಿನಲ್ಲಿ ಗೋಹತ್ಯೆ ನಿಷೇಧ ವಿಧೇಯಕ ಬಂತು. ಉಪಸಭಾಪತಿ ಪೀಠದಲ್ಲಿ, ಪ್ರತಿಪಕ್ಷದವರು ಬಾವಿಯಲ್ಲಿ, ಪ್ರತಿ ಹರಿದು ತೂರಿದರು. ಧ್ವನಿಮತ. ಪಾಸ್. ವಿಧೇಯಕ ಬೇಕೋ ಬೇಡವೋ ಅನ್ನುವ ಜಗಳ ಆಮೇಲೆ ಇರಲಿ. ಅವತ್ತು ಹೌದು ಅಂದವರ ಪಟ್ಟಿ ಯಾರ ಹತ್ತಿರ ಇದೆ?

ಅದಾದ ಮೇಲೆ ನಮ್ಮ ವರದಿಗಾರರಿಗೆ ಒಂದು ಕೆಲಸ ಹಚ್ಚಿದ್ದೇನೆ. ವಿಧೇಯಕ ಮತಕ್ಕೆ ಬಂದ ಗಳಿಗೆಯಲ್ಲಿ ಪತ್ರಕರ್ತರ ಗ್ಯಾಲರಿಯಿಂದ ಬಗ್ಗಿ ನೋಡಿ ಯಾರ್‍ಯಾರು ಕುರ್ಚಿಯಲ್ಲಿದ್ದರು ಎಂದು ಪುಸ್ತಕದಲ್ಲಿ ಬರೆದುಕೊಳ್ಳುವುದು. ಹೌದು ಇಲ್ಲ ಅದರಿಂದ ತಿಳಿಯದು, ಇದ್ದರೋ ಇಲ್ಲವೋ ತಿಳಿಯುತ್ತದೆ. ಮೊದಲ ದಿನ ಹುಡುಗ ಫೋನ್ ಮಾಡಿದ, ‘ಸಾರ್, ನಾನು ಹೆಸರು ಬರೆಯೋ ಅಷ್ಟರಲ್ಲಿ ಮೂರು ವಿಧೇಯಕ ಪಾಸಾಗಿಬಿಟ್ಟವು.’