ಸೆಟಿವಿ ಬರೆದ ಬರಹ

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ಕೂಸು ಹುಟ್ಟಿದ ಐದನೇ ದಿನಕ್ಕ ಐದೇಶಿ ಮಾಡ್ತೀವಲ್ಲ, ಅವತ್ತ ರಾತ್ರಿ ಸೆಟಿವಿ ಬಂದು ಕೂಸಿನ ಹಣಿ ಮ್ಯಾಲ ಬರೀತಾಳ ಅಂತ ಹಿರ್ಯಾರ ನಂಬಿಕಿ. ಕೆಲವರ ಬಾಯಾಗ ಆಕಿ ಶೆಟಿಗೆವ್ವ. ದೀಪ ಹಚ್ಚಿ, ಆಕಿಗೆ ಬರಿಯಾಕ ಅಂತ ಹಾಳಿ-ಪೆನ್ನು ಇಟ್ಟು, ಹೆಣ್ಣುಮಕ್ಕಳೇ ಪೂಜಿ ಮಾಡ್ತಾರ. ಬ್ರಹ್ಮ ಬರೀತಾನ ಅಂತ ಪುರಾಣ ಹೇಳಿದ್ರೂ, ಬಾಣಂತಿ ಖೋಲಿಯೊಳಗ ಬರಿಯಾಕಿ ಸೆಟಿವಿನ.

ಆಕಿ ಹೆಸರು ಬಂದಿದ್ದು ಸಂಸ್ಕೃತದ ಷಷ್ಠಿಯಿಂದ, ಅಂದ್ರ ಆರನೇ ದಿನದಾಕಿ. ಮರಾಠಿಯವರು ಸಟವಾಯಿ ಅಂತಾರ. 7ನೇ ಶತಮಾನದಾಗ ಬಾಣಭಟ್ಟ ಬರೆದ ‘ಕಾದಂಬರಿ’ಯೊಳಗ ರಾಣಿಯ ಬಾಣಂತಿ ಖೋಲಿ ವರ್ಣಿಸುವಾಗ ಷಷ್ಠಿದೇವಿ ಬರ್ತಾಳ. ಅದಕ್ಕೂ ಮೊದಲ, ಉತ್ತರದ ಯೌಧೇಯರ ನಾಣ್ಯದ ಮ್ಯಾಲ ಆರು ತಲಿ ದೇವಿಯಾಗಿ ಆಕಿ ಅದಾಳ.

ಇಂಥಾಕಿ ನಮ್ಮಲ್ಲಷ್ಟ ಅಲ್ಲ. ಹಳೇ ಗ್ರೀಕರಿಗೆ ಮೂವರು ಅಕ್ಕತಂಗ್ಯಾರು: ಕ್ಲೋಥೋ ಆಯುಷ್ಯದ ನೂಲು ತೆಗೀತಾಳ, ಲ್ಯಾಕೆಸಿಸ್ ಅಳೀತಾಳ, ಆಟ್ರೊಪೊಸ್ ಕತ್ತರಿಸ್ತಾಳ. ರೋಮಿನವರು ಕೂಸಿನ ಮೊದಲನೇ ವಾರದ ಕಡೀ ದಿನ ‘ಬರೆಯುವ ವಿಧಿ’ಗಳನ್ನ ಕರೀತಿದ್ರು. ಐದೇಶಿಯಂಗ ಇಲ್ಲೇನ್ರಿ?

ಗ್ರೀಕರ ಒಂದು ಕಥಿ ಕೇಳ್ರಿ. ಮೆಲಿಯಾಗರ್ ಅನ್ನೋ ಕೂಸಿಗೆ ಏಳು ದಿನ ಆದಾಗ ಈ ಮೂವರು ಬಂದ್ರು. “ಒಲ್ಯಾಗಿನ ಆ ಕೊಳ್ಳಿ ಉರದು ಮುಗಿಯೂತನ ಇವನ ಆಯುಷ್ಯ” ಅಂದ್ರು. ತಾಯಿ ಆಲ್ಥೀಯಾ ಅಳಕೋತ ಕೂಡಲಿಲ್ಲ, ಕೊಳ್ಳಿ ಎಳದು ಆರಿಸಿ ಪೆಟ್ಟಿಗ್ಯಾಗ ಮುಚ್ಚಿಟ್ಳು. ಮಗ ಬೆಳೆದು ಶೂರನಾದ. ಮುಂದ ಅವನು ಆಕಿ ಅಣ್ಣತಮ್ಮಂದಿರನ್ನ ಕೊಂದಾಗ, ಸಿಟ್ಟಿನಾಗ ಆಕಿನ ಅದನ್ನ ಬೆಂಕಿಗೆ ಹಾಕಿದ್ಳು. ಬರದವರು ದೇವತೆಗಳಾದ್ರೂ ಕೊಳ್ಳಿ ಇದ್ದದ್ದು ತಾಯಿ ಕೈಯಾಗ.

ಎಲ್ಲಾ ಕಡೆ ಮೊದಲನೇ ವಾರದಾಗೇ ಯಾಕ ಬರ್ತಾರ ಇವರು? ನನಗ ಅನಸೂದು, ಕೂಸಿಗೆ ಗಂಡಾಂತರ ಇರೂದು ಆವಾಗ. ಹೊಲಸು ಕುಡಗೋಲಿನಿಂದ ಹೊಕ್ಕಳಬಳ್ಳಿ ಕೊಯ್ದು, ಗಾಯಕ್ಕ ಸಗಣಿ ಬೂದಿ ಹಚ್ಚಿದ್ರ ಧನುರ್ವಾಯು ಆಗ್ತಿತ್ತು. ಎರಡು ದಿನ ಚೊಲೋ ಹಾಲು ಕುಡದ ಕೂಸು ಆಮ್ಯಾಲ ಬಾಯಿ ತೆರೀತಿರಲಿಲ್ಲ, ಮೈ ಸೆಟದು ಹೋಗಿಬಿಡ್ತಿತ್ತು. ಮನಿಮಂದಿ “ಸೆಟಿವಿ ಅಷ್ಟ ಬರದಿದ್ಳು” ಅಂತಿದ್ರು. ಹಡದಾಕಿಗೆ ಸಮಾಧಾನ ಹೇಳಾಕ ಅದಕ್ಕಿಂತ ಬ್ಯಾರೆ ಮಾತು ಇರಲಿಲ್ಲ.

ಬಸುರಾದವರಿಗೆ ಇಂಜೆಕ್ಷನ್, ಸ್ವಚ್ಛ ಬ್ಲೇಡು, ದವಾಖಾನಿ ಹೆರಿಗಿ ಬಂದ ಮ್ಯಾಲ ಆ ಬರಹನೂ ಬದಲಾತು. 2015ರಾಗ ವಿಶ್ವ ಆರೋಗ್ಯ ಸಂಸ್ಥೆ, ಭಾರತದಾಗ ಬಾಣಂತಿ ಮತ್ತು ಹಸುಗೂಸಿನ ಧನುರ್ವಾಯು ನಿರ್ಮೂಲನ ಆಗೇತಿ ಅಂತ ಒಪ್ಪಿತು. ಅಂದ್ರ ಪ್ರತಿ ಜಿಲ್ಲಾದಾಗ, ಜೀವಂತ ಹುಟ್ಟಿದ 1000 ಕೂಸಿಗೆ 1ಕ್ಕಿಂತ ಕಡಿಮಿ. ಒಂದೂ ಇಲ್ಲ ಅಂತಲ್ಲ, ಅದಕ್ಕ ಇಂಜೆಕ್ಷನ್ ತಪ್ಪಸಬ್ಯಾಡ್ರಿ, ಹೊಕ್ಕಳಿಗೆ ಏನೂ ಹಚ್ಚಬ್ಯಾಡ್ರಿ.

ಐದೇಶಿ ಬಿಡ್ರಿ ಅಂತ ನಾ ಹೇಳೂದಿಲ್ಲ. ರಾತ್ರಿ ದೀಪ ಹಚ್ಚಿಟ್ಟು ಕೂಸು ಕಾಯೋದು ಹಣೆಬರಹಕ್ಕ ತಲಿಬಾಗೂದಲ್ಲ, ಚೊಲೋ ಬರಿ ತಾಯಿ ಅಂತ ಕೇಳಿಕೊಳ್ಳೂದು. ಆದ್ರ ಅತ್ತಿಮನ್ಯಾಗ ಕಷ್ಟ ಪಡೂ ಮಗಳಿಗೆ, ಸಾಲಿ ಬಿಡಿಸಿದ ಹುಡಿಗಿಗೆ “ನಿನ್ನ ಹಣೆಬರಹ” ಅಂತೀವಲ್ಲ, ಅದನ್ನ ಸೆಟಿವಿ ಬರದಿಲ್ರಿ. ನಾವು ಬರದದ್ದು. ಅಳಿಸಾಕ ನಮಗ ಬರ್ತೈತಿ.

ನಿಮ್ಮ ಮನ್ಯಾಗ ಐದೇಶಿಗೆ ಏನೇನು ಇಡ್ತೀರಿ? ತಿಳಸ್ರಿ.